ಉಸಿರಿಗೆಷ್ಟು, ಹೆಜ್ಜೆಗೆಷ್ಟು?

ಯುದ್ಧದ ಮಾತು ಬಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಗುಂಡೇಟು, ಕಡಿದುಹೋದ ಕೈ, ಊರುಗೋಲು. ಅಂಥ ಗಾಯಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ, ಕಂಡವರೆಲ್ಲರೂ ತಲೆಬಾಗುತ್ತಾರೆ. ಆದರೆ ಸೈನ್ಯದಿಂದ ಹಿಂದಿರುಗಿದವರಲ್ಲಿ ಎಷ್ಟೋ ಮಂದಿ ಕಣ್ಣಿಗೆ ಕಾಣದ ಹೊರೆಯನ್ನು ಹೊತ್ತು ತಂದಿರುತ್ತಾರೆ. ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುವ ಉಬ್ಬಸ ಅಂಥದು. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರಿದೊಡನೆ ಅಂಗಾಲಿನಿಂದ ಮೇಲಕ್ಕೇರುವ ನೋವು ಅಂಥದು. ಇವಕ್ಕೆ ಪದಕವಿಲ್ಲ. ಇವಕ್ಕಿರುವುದು ಒಂದು ಶೇಕಡಾಂಕ ಮಾತ್ರ. ಆ ಅಂಕವನ್ನು ಯಾರು, ಯಾವ ಅಳತೆಗೋಲಿನಿಂದ ಗೊತ್ತುಮಾಡುತ್ತಾರೆ, ಆ ಅಳತೆಗೋಲು ನೆಟ್ಟಗಿದೆಯೆ ಎಂಬುದನ್ನು ಈ ಪುಟಗಳಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಒಂದು ಪತ್ರದಿಂದ. ನಮ್ಮ ಕೇರಿಯಲ್ಲಿ ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಹವಾಲ್ದಾರ್ ಮಾವ ಎಂದೇ ಕರೆಯುವುದು. ಚಳಿಗಾಲ ಬಂತೆಂದರೆ ಅವರ ಉಸಿರಿನ ಸಿಳ್ಳು ಜಗಲಿಯಿಂದ ಬೀದಿಗೆ ಕೇಳಿಸುತ್ತದೆ. ಕಳೆದ ವರ್ಷ ಅವರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಿತು. ನಮ್ಮ ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ನಿಮ್ಮ ರೋಗ ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ—ಪತ್ರದ ಸಾರ ಇಷ್ಟೇ.

“ಹಂಗಂದ್ರೆ ಏನಪ್ಪಾ?” ಎಂದು ಕೇಳಿದರು.

“ನಿಮ್ಮ ಉಬ್ಬಸಕ್ಕೂ ಸೈನ್ಯಕ್ಕೂ ಸಂಬಂಧ ಇಲ್ವಂತೆ, ಮಾವ” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೇರ್ಸ್ಕೊಳ್ಳೋವಾಗ ಎದೆ ಅಳೆದು, ಓಡ್ಸಿ ನೋಡಿ ತಗೊಂಡ್ರಲ್ಲ, ಆಗ ಇದು ಎಲ್ಲಿತ್ತಂತೆ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ನನ್ನ ಕೈಗೆ ಸಿಕ್ಕಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ನಿಯಮಾವಳಿ. ನಿವೃತ್ತ ಯೋಧರ ಒಂದೊಂದು ರೋಗಕ್ಕೂ ಎಷ್ಟು ಅಂಕ, ಏಕೆ ಅಷ್ಟು ಎಂಬುದನ್ನು ಆ ದೇಶ ಯಾರು ಬೇಕಾದರೂ ಓದುವಂತೆ ಬಿಡಿಬಿಡಿಯಾಗಿ ಅಚ್ಚುಮಾಡಿ ಇಟ್ಟಿದೆ. ಉಬ್ಬಸಕ್ಕೂ ಪಾದದ ನೋವಿಗೂ ಅಲ್ಲಿ ಬೇರೆ ಬೇರೆ ಕಲಮುಗಳೇ ಇವೆ. ಅವುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೆ ಮೆಚ್ಚುಗೆಯೂ ಆಯಿತು, ಬೇಸರವೂ ಆಯಿತು.

ಮೊದಲು ಮೂಲತತ್ತ್ವವನ್ನು ನೋಡೋಣ. ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕ ಧುಮುಕಿದ 1917ರಲ್ಲಿಯೇ ಅಲ್ಲಿನ ಶಾಸನಸಭೆ ಒಂದು ಸೂತ್ರವನ್ನು ಗೊತ್ತುಮಾಡಿತು: ಯೋಧನ ಊನವನ್ನು ಅಳೆಯಬೇಕಾದುದು ಅದರಿಂದ ಗಳಿಕೆಯ ಶಕ್ತಿಗೆ ಸರಾಸರಿ ಎಷ್ಟು ಕುಂದು ಬರುತ್ತದೆಂಬುದರ ಮೇಲೆ. ಇಂದಿಗೂ ಕಾಯಿದೆಯ ಭಾಷೆ ಅದೇ. ಈಗ ಜಾರಿಯಲ್ಲಿರುವ ಪಟ್ಟಿಯ ತಳಹದಿ 1945ರದು. ಆಮೇಲೆ ಕಾಲಕಾಲಕ್ಕೆ ತಿದ್ದುಪಡಿಗಳಾಗಿವೆ. ಅಂಕಗಳು ಸೊನ್ನೆಯಿಂದ ನೂರರವರೆಗೆ ಹತ್ತು ಹತ್ತರ ಮೆಟ್ಟಿಲುಗಳಲ್ಲಿ ಏರುತ್ತವೆ. 2025ರಲ್ಲಿ ಅವಲಂಬಿತರಿಲ್ಲದ ಯೋಧನೊಬ್ಬನಿಗೆ ಶೇಕಡ 10ಕ್ಕೆ ತಿಂಗಳಿಗೆ 175 ಡಾಲರು, ಶೇಕಡ 30ಕ್ಕೆ 537 ಡಾಲರು, ಶೇಕಡ 60ಕ್ಕೆ 1,395 ಡಾಲರು, ಶೇಕಡ 100ಕ್ಕೆ 3,831 ಡಾಲರು, ಮೇಲೆ ಚಿಲ್ಲರೆ. ಒಂದು ಮೆಟ್ಟಿಲು ಮೇಲೆ ಅಥವಾ ಕೆಳಗೆ ಎಂಬುದು ಕೇವಲ ಗೌರವದ ಮಾತಲ್ಲ, ಅಡಿಗೆಮನೆಯ ಮಾತು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಇನ್ನು ಉಬ್ಬಸ. ರೋಗಿಯು ಸ್ಪೈರೋಮೀಟರ್ ಎಂಬ ಯಂತ್ರದ ಕೊಳವೆಗೆ ಬಲವಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ಎಷ್ಟು, ಅವನ ವಯಸ್ಸಿಗೂ ಎತ್ತರಕ್ಕೂ ತಕ್ಕಂತೆ ಬೀಳಬೇಕಾಗಿದ್ದುದು ಎಷ್ಟು ಎಂದು ಹೋಲಿಸುತ್ತಾರೆ. ಬೀಳಬೇಕಾದುದರಲ್ಲಿ ನೂರಕ್ಕೆ 71ರಿಂದ 80 ಬಿದ್ದರೆ ಊನ ಶೇಕಡ 10. 56ರಿಂದ 70 ಆದರೆ ಶೇಕಡ 30. 40ರಿಂದ 55 ಆದರೆ ಶೇಕಡ 60. 40ಕ್ಕೂ ಕೆಳಗಿಳಿದರೆ ಶೇಕಡ 100. ಊದುವ ಅಳತೆಯೊಂದೇ ದಾರಿಯಲ್ಲ. ಆಗಾಗ ಔಷಧವನ್ನು ಸೇದುವವನಿಗೆ 10, ದಿನವೂ ಇನ್‌ಹೇಲರ್ ಬಳಸಬೇಕಾದವನಿಗೆ 30. ರೋಗ ಉಲ್ಬಣಿಸಿ ತಿಂಗಳಿಗೊಮ್ಮೆಯಾದರೂ ವೈದ್ಯರ ಬಳಿ ಹೋಗಬೇಕಾದವನಿಗೆ, ಇಲ್ಲವೆ ವರ್ಷಕ್ಕೆ ಮೂರು ಸಲವಾದರೂ ಸ್ಟೀರಾಯ್ಡ್ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳಬೇಕಾದವನಿಗೆ 60. ಪರೀಕ್ಷೆಯ ದಿನ ರೋಗದ ಚಿಹ್ನೆ ಕಾಣದಿದ್ದರೆ ಹಿಂದೆ ಉಬ್ಬಸ ಬಂದುದಕ್ಕೆ ದಾಖಲೆಯಿರಲೇಬೇಕೆಂದು ಕಲಮಿನ ಕೆಳಗೆ ಒಂದು ಟಿಪ್ಪಣಿಯೂ ಇದೆ.

ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಉಬ್ಬಸ ಬಂದುಹೋಗುವ ರೋಗವಾದುದರಿಂದ ಒಂದು ದಿನದ ಊದುವಿಕೆಯನ್ನೇ ನಂಬಿ ಕೂರದೆ ವರ್ಷವಿಡೀ ತೆಗೆದುಕೊಂಡ ಔಷಧವನ್ನೂ ಲೆಕ್ಕಕ್ಕೆ ತಂದಿರುವುದು ವಿವೇಕವೇ ಸರಿ. ಆದರೆ ಸ್ವಲ್ಪ ಆಳಕ್ಕಿಳಿದು ನೋಡಿ. ಇಬ್ಬರು ಯೋಧರಿದ್ದಾರೆನ್ನಿ. ಒಬ್ಬನ ಮನೆ ಆಸ್ಪತ್ರೆಯ ಪಕ್ಕದಲ್ಲಿದೆ; ಎದೆ ಬಿಗಿದಾಗಲೆಲ್ಲ ಅವನು ಅಲ್ಲಿಗೆ ಹೋಗುತ್ತಾನೆ, ಹೋದದ್ದು ದಾಖಲಾಗುತ್ತದೆ. ಇನ್ನೊಬ್ಬನು ಪಟ್ಟಣದಿಂದ ಬಹುದೂರದ ಹೊಲಮನೆಯಲ್ಲಿದ್ದಾನೆ. ಅವನು ಕಿಟಕಿ ತೆರೆದಿಟ್ಟುಕೊಂಡು, ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕುಳಿತು ಬೆಳಗುಮಾಡುತ್ತಾನೆ. ಇಬ್ಬರ ಎದೆಯೂ ಒಂದೇ, ಇಬ್ಬರ ರಾತ್ರಿಯೂ ಒಂದೇ. ಆದರೆ ಮೊದಲನೆಯವನಿಗೆ 60 ಸಿಕ್ಕಿ ಎರಡನೆಯವನು 30ರಲ್ಲೋ 10ರಲ್ಲೋ ನಿಲ್ಲಬಹುದು. ಬಾಯಿದ್ದವನು ಬರದಲ್ಲೂ ಬದುಕಿದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಕಾಗದವಿದ್ದವನು ಬದುಕಿದ ಎನ್ನಬೇಕಾಗಿದೆ.

ಪಾದದ ಕಲಮಿಗೆ ಬಂದರೆ ಅಳತೆಯ ಜಾತಿಯೇ ಬೇರೆ. ಚಪ್ಪಟೆ ಪಾದ, ಎಂದರೆ ಅಂಗಾಲಿನ ಕಮಾನು ಕುಸಿದು ನೆಲಕ್ಕಂಟುವುದು, ಭಾರ ಹೊತ್ತು ಮೈಲಿಗಟ್ಟಲೆ ನಡೆಯುವ ಸೈನಿಕನಿಗೆ ಚಿಕ್ಕ ವಿಷಯವಲ್ಲ. ಇದನ್ನು ಅಳೆಯುವುದಕ್ಕೆ ಇಲ್ಲಿ ಯಂತ್ರವಿಲ್ಲ, ವಿಶೇಷಣಗಳಿವೆ: ‘ಸೌಮ್ಯ’, ‘ಮಧ್ಯಮ’, ‘ತೀವ್ರ’, ‘ಅತಿ ತೀವ್ರ’. ಬೂಟಿನೊಳಗಿನ ಆಧಾರದ ಮೆತ್ತೆಯಿಂದ ನೋವು ಶಮನವಾದರೆ ಅದು ಸೌಮ್ಯ, ಅಂಕ ಸೊನ್ನೆ. ಮೈಭಾರ ಬೀಳುವ ಗೆರೆ ಹೆಬ್ಬೆರಳಿನ ಕಡೆಗೆ ಸರಿದು, ಹಿಮ್ಮಡಿಯ ಹಿಂದಿನ ದಪ್ಪ ನರ ಒಳಕ್ಕೆ ಬಾಗಿ, ಪಾದವನ್ನು ಹಿಡಿದು ತಿರುಗಿಸಿದಾಗಲೂ ನಡೆದಾಗಲೂ ನೋವಾದರೆ ಅದು ಮಧ್ಯಮ. ಒಂದು ಪಾದವಾದರೂ 10, ಎರಡಾದರೂ 10. ಪಾದದ ಆಕಾರವೇ ಕೆಟ್ಟು, ನಡೆದರೆ ಊದಿಕೊಂಡು, ಅಂಗಾಲು ದಡ್ಡುಗಟ್ಟಿದ್ದರೆ ತೀವ್ರ. ಒಂದಕ್ಕೆ 20, ಎರಡಕ್ಕೆ 30. ಅಂಗಾಲನ್ನು ಮುಟ್ಟಗೊಡದಷ್ಟು ನೋವಿದ್ದು, ವಿಶೇಷ ಬೂಟಿನಿಂದಲೂ ಏನೂ ಗುಣವಾಗದಿದ್ದರೆ ಅತಿ ತೀವ್ರ. ಒಂದಕ್ಕೆ 30, ಎರಡಕ್ಕೆ 50. ಅಂಗಾಲಿನ ನಾರುಪದರ ಬೇನೆಗೊಳ್ಳುವ ರೋಗಕ್ಕೆ 2021ರವರೆಗೆ ಪಟ್ಟಿಯಲ್ಲಿ ತನ್ನದೇ ಆದ ಸಾಲು ಕೂಡ ಇರಲಿಲ್ಲ; ಬೇರೆ ಪಾದರೋಗಗಳಿಗೆ ಹೋಲಿಸಿ ಅಂಕ ಕೊಡುತ್ತಿದ್ದರು.

‘ಮಧ್ಯಮ’ವೆಲ್ಲಿ ಮುಗಿಯುತ್ತದೆ, ‘ತೀವ್ರ’ವೆಲ್ಲಿ ಮೊದಲಾಗುತ್ತದೆ? ಒಬ್ಬ ವೈದ್ಯನ ಕಣ್ಣಿಗೆ ದಡ್ಡಾಗಿ ಕಂಡದ್ದು ಇನ್ನೊಬ್ಬನಿಗೆ ನಡೆಯುವ ಮನುಷ್ಯನ ಸಾಮಾನ್ಯ ಅಂಗಾಲಾಗಿ ಕಂಡೀತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಪರೀಕ್ಷೆ ಮಾಡುವ ವೈದ್ಯನು ಅಂಕ ಕೊಡುವುದಿಲ್ಲ. ಅವನು ಪ್ರಶ್ನಾವಳಿಯನ್ನು ತುಂಬಿ ಕಳಿಸುತ್ತಾನೆ. ಅಂಕ ಕೊಡುವವನು ಆ ಕಾಗದವನ್ನು ಓದುವ ಅಧಿಕಾರಿ. ಅವನು ಆ ಪಾದವನ್ನು ಕಂಡವನೇ ಅಲ್ಲ. ವೈದ್ಯನು ‘ಊತವಿದೆ’ ಎಂಬ ಒಂದು ಸಾಲನ್ನು ಗುರುತಿಸಲು ಮರೆತರೆ ಕಾಗದದಲ್ಲಿ ಆ ಊತ ಇಳಿದುಹೋಗುತ್ತದೆ, ಕಾಲಿನಲ್ಲಿ ಮಾತ್ರ ಹಾಗೆಯೇ ಇರುತ್ತದೆ.

ಈ ಎರಡು ಕಲಮುಗಳನ್ನೂ ಹೋಲಿಸಿದಾಗ ನನಗೆ ಅತ್ಯಂತ ಆಶ್ಚರ್ಯವಾದದ್ದು ಇದು. ಉಬ್ಬಸದಲ್ಲಿ ಚಿಕಿತ್ಸೆ ಅಂಕವನ್ನು ಏರಿಸುತ್ತದೆ, ಪಾದದಲ್ಲಿ ಇಳಿಸುತ್ತದೆ. ದಿನವೂ ಇನ್‌ಹೇಲರ್ ಹಿಡಿಯುವವನು ಅದರಿಂದಾಗಿ ಸುಖವಾಗಿ ಉಸಿರಾಡುತ್ತಿದ್ದರೂ ಅವನಿಗೆ 30 ಉಂಟು, ಏಕೆಂದರೆ ಔಷಧವಿಲ್ಲದೆ ಬಾಳಲಾರೆನೆಂಬುದೇ ಅವನ ಊನ. ದಿನವೂ ಬೂಟಿನೊಳಗೆ ಮೆತ್ತೆಯಿಟ್ಟು ನಡೆಯುವವನಿಗಾದರೋ ಸೊನ್ನೆ, ಏಕೆಂದರೆ ಮೆತ್ತೆಯಿದ್ದರೆ ನೋವಿಲ್ಲವಲ್ಲ! ಮೆತ್ತೆಯಿಲ್ಲದೆ ನಡೆಯಲಾರೆನೆಂಬುದು ಊನವಲ್ಲವೆ? ಸೊನ್ನೆ ಅಂಕಕ್ಕೂ ಒಂದು ಬೆಲೆಯಿದೆ, ರೋಗ ಸೇವೆಗೆ ಸಂಬಂಧಪಟ್ಟದ್ದೆಂದು ಸರ್ಕಾರ ಒಪ್ಪಿದಂತಾಗಿ ಆ ರೋಗಕ್ಕೆ ಚಿಕಿತ್ಸೆ ದೊರೆಯುತ್ತದೆ ಎಂಬುದು ನಿಜ. ಆದರೂ ಒಂದೇ ಪುಸ್ತಕದಲ್ಲಿ ಎದೆಗೊಂದು ತರ್ಕ, ಕಾಲಿಗೊಂದು ತರ್ಕ ಇರುವುದು ಸರಿಯೆಂದು ನನಗೆ ತೋರಲಿಲ್ಲ. ನೋವು ತಾನಾಗಿಯೇ ಒಂದು ಊನವಾಗಬಹುದೆಂದು ಅಲ್ಲಿನ ಮೇಲಿನ ನ್ಯಾಯಾಲಯವೊಂದು ಒಪ್ಪಿಕೊಂಡದ್ದು 2018ರಲ್ಲಿ. ಅಲ್ಲಿಯವರೆಗೆ ರೋಗಕ್ಕೊಂದು ಹೆಸರು ಸಿಗದ ಬರಿಯ ನೋವು ಲೆಕ್ಕಕ್ಕೆ ಬಾರದೆ ಹೋಗುತ್ತಿತ್ತು.

ಎರಡು ರೋಗಗಳಿದ್ದರೆ ಕೂಡುವ ಲೆಕ್ಕವೂ ವಿಚಿತ್ರ. ಉಬ್ಬಸಕ್ಕೆ 30, ಪಾದಕ್ಕೆ 30 ಬಂದರೆ ನಾವು ಕಲಿತ ಗಣಿತದಲ್ಲಿ 60. ಅಲ್ಲಿ ಹಾಗಲ್ಲ. ನೂರರಲ್ಲಿ 30 ಹೋದರೆ ಉಳಿದ ಶಕ್ತಿ 70. ಎರಡನೆಯ 30 ಅನ್ವಯಿಸುವುದು ಆ 70ಕ್ಕೆ, ಎಂದರೆ 21. ಒಟ್ಟು 51, ಹತ್ತಿರದ ಹತ್ತಕ್ಕೆ ಇಳಿಸಿದರೆ 50. ಮನುಷ್ಯನಿಗೆ ನೂರಕ್ಕಿಂತ ಹೆಚ್ಚು ಊನ ಬರಲಾರದೆಂಬ ಮಟ್ಟಿಗೆ ಈ ತರ್ಕ ಸರಿಯೇ. ಆದರೆ ಕೂತು ಮಾಡುವ ಕೆಲಸಕ್ಕೆ ಉಬ್ಬಸವೂ, ನಿಂತು ಮಾಡುವ ಕೆಲಸಕ್ಕೆ ಪಾದವೂ ಅಡ್ಡಿಯಾಗಿ, ಎರಡು ಬಾಗಿಲೂ ಮುಚ್ಚಿದವನ ಪಾಡನ್ನು ಈ ಗುಣಾಕಾರ ಹೇಳುವುದಿಲ್ಲ. ‘ಸರಾಸರಿ’ ಎಂಬ ಮಾತಿನ ದೋಷವೇ ಇದು. ಗುಮಾಸ್ತನ ಚಪ್ಪಟೆ ಪಾದವೂ ಗಾರೆ ಕೆಲಸದವನ ಚಪ್ಪಟೆ ಪಾದವೂ ಪಟ್ಟಿಯಲ್ಲಿ ಸಮಾನ. 1925ರ ಪಟ್ಟಿಯಲ್ಲಿ ಸೈನ್ಯಕ್ಕೆ ಸೇರುವ ಮೊದಲು ಮಾಡುತ್ತಿದ್ದ ಕಸುಬನ್ನು ನೋಡುವ ಪದ್ಧತಿಯಿತ್ತು. 1933ರಲ್ಲಿ ಅದನ್ನು ಕೈಬಿಟ್ಟರು. ಗಳಿಕೆಯ ನಷ್ಟವಲ್ಲದೆ ಬಾಳಿನ ಸುಖದ ನಷ್ಟವನ್ನೂ ಎಣಿಸಬೇಕೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನೇಮಿಸಿದ ಸಮಿತಿ 2007ರಲ್ಲಿ ಸಲಹೆಮಾಡಿತು. ಕಾಯಿದೆಯ ಭಾಷೆಯೇನೋ ಬದಲಾಗಲಿಲ್ಲ.

ಇಷ್ಟೆಲ್ಲ ದೋಷವೆಣಿಸಿದ ನಾನು ಅದೇ ಪುಸ್ತಕದಲ್ಲಿ ಹವಾಲ್ದಾರ್ ಮಾವನ ಪ್ರಶ್ನೆಗೆ ಉತ್ತರವನ್ನೂ ಕಂಡೆನೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಸೈನ್ಯಕ್ಕೆ ಸೇರುವಾಗಿನ ಪರೀಕ್ಷೆಯಲ್ಲಿ ಬರೆದಿಟ್ಟ ದೋಷಗಳನ್ನು ಬಿಟ್ಟರೆ ಉಳಿದಂತೆ ಅವನು ಆರೋಗ್ಯವಂತನೇ ಆಗಿದ್ದನೆಂದು ಅಲ್ಲಿನ ಕಾಯಿದೆ ಭಾವಿಸುತ್ತದೆ. ಅಲ್ಲವೆನ್ನುವ ಸರ್ಕಾರ ಸ್ಪಷ್ಟವಾದ, ಸಂಶಯಕ್ಕೆಡೆಯಿಲ್ಲದ ಪ್ರಮಾಣವನ್ನು ತಾನೇ ಕೊಡಬೇಕು. ಪಾದ ಮೊದಲೇ ಚಪ್ಪಟೆಯಾಗಿತ್ತೆಂದು ಬರೆದಿದ್ದರೂ ದಾರಿ ಮುಚ್ಚುವುದಿಲ್ಲ. ಸೇವೆಯಲ್ಲಿ ಅದು ಸಹಜಗತಿಯನ್ನು ಮೀರಿ ಕೆಟ್ಟಿದ್ದರೆ, ಹಿಂದಿನ ಅಂಕವನ್ನು ಕಳೆದು ಹೆಚ್ಚಾದ ಪಾಲನ್ನು ಕೊಡುತ್ತಾರೆ. ಮೊದಲು 10 ಇದ್ದು ಈಗ 30 ಆಗಿದ್ದರೆ ಸಿಗುವುದು 20. ಇದಕ್ಕೂ ಮಿಗಿಲಾದ ಸೂತ್ರ ಇನ್ನೊಂದಿದೆ. ಪರ ವಿರೋಧಗಳ ಪ್ರಮಾಣಗಳು ತಕ್ಕಡಿಯಲ್ಲಿ ಹೆಚ್ಚುಕಡಿಮೆ ಸಮನಾಗಿ ತೂಗಿದರೆ, ಸಂಶಯದ ಲಾಭ ಯೋಧನಿಗೇ ಸಲ್ಲಬೇಕು.

ಸೂತ್ರವಿದ್ದ ಮಾತ್ರಕ್ಕೆ ಅದು ನಡೆಯುತ್ತದೆಂದಲ್ಲ. ಇರಾಕ್, ಆಫ್ಘಾನಿಸ್ತಾನಗಳ ಅಮೆರಿಕನ್ ಠಾಣ್ಯಗಳಲ್ಲಿ ಪ್ಲಾಸ್ಟಿಕ್ಕು, ಬಣ್ಣ, ಔಷಧಾಲಯದ ಕಸ ಎಲ್ಲವನ್ನೂ ಬಯಲು ಗುಂಡಿಗಳಲ್ಲಿ ಸುಡುತ್ತಿದ್ದರು. ಆ ಹೊಗೆಯನ್ನು ಕುಡಿದವರು ಮನೆಗೆ ಬಂದ ಮೇಲೆ ಉಬ್ಬಸ ಹಿಡಿದಾಗ, ಇದು ಆ ಹೊಗೆಯಿಂದಲೇ ಬಂದುದೆಂದು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಸಾಧಿಸಿ ತೋರಿಸಬೇಕಾಗಿತ್ತು. ಹೊಗೆ ಯಾರಿಗಾದರೂ ರಶೀದಿ ಬರೆದುಕೊಟ್ಟೀತೆ? ಕೊನೆಗೆ 2021ರಲ್ಲಿ ಇಲಾಖೆಯೂ, 2022ರ ಆಗಸ್ಟ್ 10ರಂದು ಸಹಿಯಾದ ಪ್ಯಾಕ್ಟ್ ಕಾಯಿದೆಯೂ ಆ ಹೊರೆಯನ್ನು ಇಳಿಸಿದುವು. ಆ ಪ್ರದೇಶಗಳಲ್ಲಿ ಸೇವೆ ಮಾಡಿದವರಿಗೆ ಆಮೇಲೆ ಉಬ್ಬಸ ಕಂಡರೆ ಅದು ಸೇವೆಯಿಂದಲೇ ಬಂದುದೆಂದು ಈಗ ಭಾವಿಸಲಾಗುತ್ತದೆ. ಆ ಕಾಯಿದೆಗೆ ಶ್ವಾಸಕೋಶದ ಕ್ಯಾನ್ಸರಿನಿಂದ 2020ರಲ್ಲಿ ತೀರಿಕೊಂಡ ಹೀತ್ ರಾಬಿನ್‌ಸನ್ ಎಂಬ ಸೈನಿಕನ ಹೆಸರಿಟ್ಟಿದ್ದಾರೆ. ಕೊಲ್ಲಿಯ ಯುದ್ಧದ 1990ರಿಂದ ಎಣಿಸಿದರೆ ಈ ನ್ಯಾಯಕ್ಕೆ ಮೂವತ್ತು ವರ್ಷಗಳಿಗೂ ಮೇಲೆ ಹಿಡಿಯಿತು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಉಬ್ಬಸ ಸೈನ್ಯಕ್ಕೆ ಸೇರದವರಿಗೂ ಬರುತ್ತದೆ, ಚಪ್ಪಟೆ ಪಾದ ಹುಟ್ಟಿನಿಂದಲೂ ಇರುತ್ತದೆ, ಸಂಶಯದ ಲಾಭವನ್ನೆಲ್ಲ ಯೋಧನಿಗೇ ಕೊಟ್ಟರೆ ಸುಳ್ಳುಗಾರರ ಸಂತೆ ನೆರೆಯುತ್ತದೆ ಎಂದು ಹೇಳುವವರಿದ್ದಾರೆ. ಖಜಾನೆ ಜನರದು, ಅದನ್ನು ಕಾಯಬೇಕಾದುದು ಧರ್ಮ ಎಂಬುದನ್ನು ನಾನೂ ಒಪ್ಪುತ್ತೇನೆ. ಅಳತೆಯೇ ಬೇಡವೆಂಬುದು ನನ್ನ ವಾದವಲ್ಲ. ಅಳತೆಯಿಲ್ಲದಿದ್ದರೆ ವಶೀಲಿಯುಳ್ಳವನಿಗೆ ನೂರು, ಉಳಿದವರಿಗೆ ಸೊನ್ನೆಯಾದೀತು. ಆದರೆ ತಕ್ಕಡಿ ಸಮನಾಗಿ ನಿಂತಾಗ ತಪ್ಪು ಎರಡು ಬಗೆಯಲ್ಲಿ ಆಗಬಹುದು: ಅರ್ಹನಲ್ಲದವನಿಗೆ ಕೊಟ್ಟ ತಪ್ಪು, ಅರ್ಹನಾದವನಿಗೆ ಕೊಡದ ತಪ್ಪು. ಮೊದಲನೆಯದನ್ನು ದೇಶ ತಡೆದುಕೊಳ್ಳಬಲ್ಲುದು, ಏಕೆಂದರೆ ಅದರ ನಷ್ಟ ಕೋಟಿ ಜನರ ಮೇಲೆ ಹಂಚಿಹೋಗುತ್ತದೆ. ಎರಡನೆಯದನ್ನು ಒಬ್ಬನೇ ಒಬ್ಬನು, ಒಂದೇ ಎದೆಯಿಂದ, ಎರಡೇ ಕಾಲುಗಳಿಂದ ಹೊರಬೇಕು. ಹೊರೆಯನ್ನು ಬಲಿಷ್ಠನ ಹೆಗಲಿಗೆ ಹಾಕುವುದು ವಿವೇಕ.

ನಮ್ಮ ದೇಶದ ಕಾನೂನೂ ಈ ತತ್ತ್ವಕ್ಕೆ ಹೊರತಲ್ಲವೆಂಬುದನ್ನು ಮಿತ್ರರು ಗಮನಿಸಬೇಕು. ಧರ್ಮವೀರ್ ಸಿಂಗ್ ಎಂಬ ಸೈನಿಕನ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2013ರ ಜುಲೈನಲ್ಲಿ ತೀರ್ಪು ಕೊಡುತ್ತ, ಸೇರುವಾಗ ಯಾವ ರೋಗವನ್ನೂ ಬರೆದಿಡದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು. ರೋಗದ ಕಾರಣದಿಂದ ಅವನನ್ನು ಬಿಡುಗಡೆ ಮಾಡಿದಾಗ ಆ ಕುಂದು ಸೇವೆಯಿಂದ ಬಂದುದೆಂದು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸೈನಿಕನದಲ್ಲ, ಸೇವೆ ಪಡೆದವರದು ಎಂದು ಹೇಳಿತು. ಆಗ ಜಾರಿಯಲ್ಲಿದ್ದ 1982ರ ನಿಯಮಗಳನ್ನು ಓದಿಯೇ ನ್ಯಾಯಾಲಯ ಹೀಗೆಂದಿತು. ‘ಆಗ ಇದು ಎಲ್ಲಿತ್ತಂತೆ?’ ಎಂಬ ಜಗಲಿಯ ಪ್ರಶ್ನೆಯನ್ನೇ ದೇಶದ ಅತ್ಯುನ್ನತ ನ್ಯಾಯಾಲಯವೂ ಕೇಳಿದೆ ಎಂದು ನಾನು ಮಾವನಿಗೆ ಓದಿ ಹೇಳಿದಾಗ ಅವರು ನಕ್ಕರು. ನಕ್ಕದ್ದರಿಂದಲೇ ಕೆಮ್ಮು ಬಂದಿತು.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು. ಅಳತೆಗೋಲು ಇರಲಿ, ಆದರೆ ಎದೆಗೂ ಕಾಲಿಗೂ ಅದು ಒಂದೇ ತರ್ಕದ್ದಾಗಿರಲಿ. ಚಿಕಿತ್ಸೆಯ ಮೇಲಿನ ಅವಲಂಬನೆ ಎದೆಯಲ್ಲಿ ಊನವಾದರೆ ಕಾಲಿನಲ್ಲಿಯೂ ಊನವೇ. ಆಸ್ಪತ್ರೆಯ ಚೀಟಿಯಿಲ್ಲವೆಂದು ರೋಗವೇ ಇಲ್ಲವೆನ್ನಬಾರದು. ಜೊತೆಗೆ ಬಾಳಿದವರ, ಜೊತೆಗೆ ಕವಾಯತು ಮಾಡಿದವರ ಮಾತಿಗೂ ತೂಕವಿರಲಿ. ಅಳೆದು ನೋಡಿ ಗಟ್ಟಿಮುಟ್ಟಾದವನೆಂದು ಕರೆದುಕೊಂಡ ಸರ್ಕಾರ, ಹಿಂದಕ್ಕೆ ಕಳುಹಿಸುವಾಗ ಏನು ಕೆಟ್ಟಿದೆಯೆಂಬುದಕ್ಕೆ ತಾನೇ ಲೆಕ್ಕ ಕೊಡಲಿ.

ಸಹಪಾಠಿಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಕಾನೂನು ಎಷ್ಟೇ ಉದಾರವಾಗಿದ್ದರೂ ಅದನ್ನು ಓದಿ ಹೇಳುವವರಿಲ್ಲದ ಮನೆಗೆ ಅದು ತಲುಪುವುದಿಲ್ಲ. ನಮ್ಮಲ್ಲಿ ಅನೇಕರು ನಮ್ಮ ಮನೆಗಳಲ್ಲಿ ಮೊದಲನೆಯ ಪದವೀಧರರಾಗಲಿರುವವರು. ಪದವಿಯಿಂದ ನಮಗೆ ಯಾವ ಉದ್ಯೋಗ ದೊರೆಯುತ್ತದೆಯೋ ನಾನರಿಯೆ. ಆದರೆ ನೆರೆಮನೆಯ ಜಗಲಿಯಲ್ಲಿ ಕುಳಿತು ಒಂದು ಪತ್ರವನ್ನು ಸರಿಯಾಗಿ ಓದಿ, ಅದಕ್ಕೆ ಸರಿಯಾದ ಉತ್ತರ ಬರೆಯುವ ಉದ್ಯೋಗ ಇಂದೇ ಖಾಲಿಯಿದೆ. ಹವಾಲ್ದಾರ್ ಮಾವನ ಮೇಲ್ಮನವಿಯನ್ನು ಕಳೆದ ತಿಂಗಳು ನಾವಿಬ್ಬರೂ ಕೂಡಿ ಬರೆದು ಅಂಚೆಗೆ ಹಾಕಿದೆವು. ಉತ್ತರ ಇನ್ನೂ ಬಂದಿಲ್ಲ.